ಬಿಡಿಸುವ ಕೈ
ಹಸಿ ರಬ್ಬರ್ ಹಾಳೆಗಳು ಒಂದಕ್ಕೊಂದು ಅಂಟದಂತೆ ನಡುವೆ ಹಾಸುವ ತೆಳು ಪ್ಲಾಸ್ಟಿಕ್ ಪದರವನ್ನು ಆರಿಸುವವರು ಕಾರ್ಖಾನೆಯ ಸ್ಟೋರ್ ಸಾಹೇಬರು. ಮರುಬಳಕೆಯ ಮಾಲು ತಂದ ಮಾರಾಟಗಾರ ಎಷ್ಟೇ ಹೊಗಳಲಿ, ಇವರು ರಬ್ಬರ್ ತುಂಡಿಗೆ ಅದನ್ನು ಒತ್ತಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಸುಲಿಯುತ್ತಾರೆ. ಚರ್ರೆಂದರೆ ಮುಖ ಕಿವುಚುತ್ತಾರೆ. "ಹಳೇ ಪ್ಲಾಸ್ಟಿಕ್ಕಾದ್ರೆ ಏನಂತೆ ಸ್ವಾಮಿ, ಬಿಡೋವಾಗ ರಂಪ ಮಾಡ್ಬಾರ್ದು" ಎಂಬುದು ಅವರ ಖಾಯಂ ಮಾತು. ನೆಂಟರ ಮನೆಯಲ್ಲೂ ಹೊಸ ಫ್ರಿಜ್ಜಿನ ಮೇಲಿನ ಸ್ಟಿಕ್ಕರ್ ಕಂಡರೆ ಉಗುರು ಸುಮ್ಮನಿರದು. ಹೆಂಡತಿ ಕಣ್ಣು ಕೆಕ್ಕರಿಸಿದರಷ್ಟೇ ಕೈ ಜೇಬು ಸೇರುತ್ತದೆ. ಸಂಜೆ ಅದೇ ಕೈ ಹಾಸಿಗೆ ಹಿಡಿದ ತಾಯಿಯ ಗಾಯದ ಅಂಟುಪಟ್ಟಿ ಬದಲಿಸಬೇಕು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚರ್ಮ. ತಾಯಿ ಕಣ್ಣು ಬಿಗಿಯಾಗಿ ಮುಚ್ಚಿ, "ಮೆಲ್ಲಗೆ ಕೀಳೋ ಮಗಾ" ಎನ್ನುತ್ತಾರೆ. "ಆಗ್ಲೇ ಕಿತ್ತಾಯ್ತಲ್ಲಮ್ಮಾ."