ಮಾಮಿಯ ಸೊಪ್ಪಿಗೆ ನಾನು ಹೊರಿಸಿದ ದೋಷ

ಕೋತಗಿರಿಯ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ ಸೊಪ್ಪು ನೋಡಿ ತೆಗೆದುಕೊಳ್ಳುವ ಕೆಲಸ ನನ್ನದು. ಸುತ್ತಲಿನ ಹಟ್ಟಿಯವರು ತಮ್ಮ ಚಿಕ್ಕ ತೋಟಗಳಲ್ಲಿ ಕೊಯ್ದು ತರುವ ಚಹಾ ಎಲೆಯನ್ನು ನಾವು ಸೊಪ್ಪು ಎಂದೇ ಕರೆಯುವುದು. ಚೀಲದಿಂದ ಒಂದು ಹಿಡಿ ತೆಗೆದು, ಮೇಜಿನ ಮೇಲೆ ಹರಡಿ, ಎಳೆಯದನ್ನು ಒಂದು ಕಡೆ, ಬಲಿತದ್ದನ್ನು ಇನ್ನೊಂದು ಕಡೆ ಮಾಡಿ ತೀರ್ಪು ಹೇಳುತ್ತೇನೆ. ತಂದವರೆಲ್ಲ ಸುತ್ತ ನಿಂತು ನೋಡುತ್ತಿರುತ್ತಾರೆ. ಈ ಕೆಲಸದ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಯಾವುದೋ ದೂರದ ದೇಶದ ಬಂದರಿನ ಗೋದಾಮಿನಲ್ಲಿ ರಾಸಾಯನಿಕ ಸಿಡಿದು ಬೆಂಕಿ ಬಿತ್ತು. ಫೋನಿನಲ್ಲಿ ಅದನ್ನು ನೋಡಿ, ಅಯ್ಯೋ ಪಾಪ ಎಂದು, ಚಹಾ ಕುಡಿದು ಮರೆತೆವು. ನಮ್ಮ ಚಹಾ ಪುಡಿ ಹೋಗುತ್ತಿದ್ದದ್ದು ಅದೇ ಬಂದರಿಗೆ ಎಂದು ತಿಳಿದದ್ದು ಆಮೇಲೆ. ಹಡಗುಗಳು ನಡುನೀರಿನಲ್ಲಿ ಸರದಿ ಕಾಯುತ್ತಿದ್ದವು, ಖಾಲಿ ಕಂಟೇನರ್‌ಗಳು ತಿರುಗಿ ಬರಲಿಲ್ಲ, ಕೊಚ್ಚಿಗೆ ಹೋದ ನಮ್ಮ ಲಾರಿ ಲೋಡು ಇಳಿಸದೆ ವಾಪಸಾಯಿತು. ಗೋದಾಮು ತುಂಬಿ, ನಾವು ಊಟ ಮಾಡುವ ಕೋಣೆಯಲ್ಲೂ ಮೂಟೆ ಪೇರಿಸಿದೆವು.

ಸೊಪ್ಪು ಬೇಡವೆಂದರೆ ಜನ ಬೇರೆ ಫ್ಯಾಕ್ಟರಿಗೆ ಹೋಗಿ ಅಲ್ಲೇ ಉಳಿದುಬಿಡುತ್ತಾರೆ ಎಂಬ ಭಯ ಮಾಲೀಕರಿಗೆ. ಬಂದರಿನ ಮಾತೆತ್ತಬೇಡ, ಬಲಿತಿದೆ ಎಂದು ಹೇಳಿ ಅರ್ಧಕ್ಕರ್ಧ ವಾಪಸು ಕಳಿಸು ಎಂದರು. ನಾನು ತಲೆಯಾಡಿಸಿದೆ.

ನಮ್ಮ ಹಟ್ಟಿಯಲ್ಲಿ ಒಬ್ಬ ಮಾಮಿ ಇದ್ದಾರೆ, ನನಗೆ ದೂರದ ಸಂಬಂಧ. ಎಲ್ಲರೂ ಕತ್ತರಿಯಿಂದ ಸವರುವಾಗ ಅವರೊಬ್ಬರು ಕೈಯಲ್ಲೇ ಚಿವುಟಿ ತರುತ್ತಿದ್ದರು. ಸೊಪ್ಪು ಅಂದರೆ ಹೀಗಿರಬೇಕು ಎಂದು ನಾನೇ ಬೇರೆಯವರಿಗೆ ತೋರಿಸುತ್ತಿದ್ದೆ. ಅವರದ್ದೇ ವಾಪಸಾದರೆ ಇನ್ನು ಯಾರೂ ವಾದಿಸುವುದಿಲ್ಲ ಎಂದುಕೊಂಡು, ಆ ದಿನ ಅವರನ್ನೇ ಮೊದಲು ಕರೆದೆ. ಇದು ನನಗೆ ಮಾಲೀಕರು ಹೇಳಿಕೊಟ್ಟದ್ದಲ್ಲ. ಎಳೆಯ ಎಲೆಗಳನ್ನು ಬಲಿತದ್ದರ ಕಡೆ ಸರಿಸುತ್ತಾ, “ಬಲಿತಿದೆ ಮಾಮಿ, ನೋಡಿ ಕೊಯ್ಯಿ” ಎಂದೆ.

ಅವರು ಜಗಳವಾಡಲಿಲ್ಲ. ಒಂದು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಚೀಲ ಹೊತ್ತು ಹೋದರು. ಆಮೇಲೆ ತೋಟಕ್ಕೇ ಇಳಿಯಲಿಲ್ಲ. ಕಣ್ಣು ತೋರಿಸಲು ಊಟಿಗೆ ಹೋಗಿದ್ದರಂತೆ. ಏನೂ ಆಗಿಲ್ಲ ಎಂದು ಡಾಕ್ಟರ್ ಹೇಳಿದರೂ ನಂಬದೆ, ತೋಟವನ್ನು ಕತ್ತರಿಯಿಂದ ಕೊಯ್ಯುವವರಿಗೆ ಬಿಟ್ಟುಕೊಟ್ಟರೆಂದು ನನ್ನ ಹೆಂಡತಿ ಹೇಳಿದಳು. ಡಾಕ್ಟರಿಗಿಂತ ಅವರು ನನ್ನನ್ನು ನಂಬಿದ್ದರು.

ತಿಂಗಳುಗಳ ಮೇಲೆ ಗೋದಾಮು ಖಾಲಿಯಾಯಿತು. ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ, ಬಂದರಿನ ಬೆಂಕಿ, ನನ್ನ ಸುಳ್ಳು, ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ಎನ್ನ ಕಣ್ಣು ಕೆಟ್ಟಿಲ್ಲೆಯಾ?”

ಇಲ್ಲ ಎಂದೆ.

ಮರುದಿನ ಮಾಮಿ ಚೀಲ ತಂದು ನನ್ನ ಮೇಜಿನ ಮುಂದೆ ನಿಂತರು. ಹಿಂದೆ ಇಪ್ಪತ್ತು ಜನ ಇದ್ದರು.

“ಅಂದು ನೀ ಎಲ್ಲಾರ ಮುಂದೆ ಹೇಳಿದೆ,” ಎಂದರು. “ನೆನ್ನೆ ಹೇಳಿದ್ದನ್ನೂ ಎಲ್ಲಾರ ಮುಂದೆ ಹೇಳು.”

ಒಂದು ಹಿಡಿ ತೆಗೆದು ಹರಡಿದೆ. ಬಲಿತ ಎಲೆ ಒಂದೂ ಇರಲಿಲ್ಲ. ಸೊಪ್ಪು ಚೆನ್ನಾಗಿದೆ ಮಾಮಿ ಎಂದೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೆ ಗೊತ್ತಿತ್ತು. ಅವರು ಅಲ್ಲೇ ನಿಂತು ಕಾದರು. ಆಫೀಸಿನ ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ನಾನು ಮುಂದಿನ ಚೀಲದವರನ್ನು ಕರೆದೆ.