ಮೊದಲ ಪಕ್ಕೆಲುಬು

ಬ್ರಿಸ್ಬೇನ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ, ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಚೆಂಡೆಸೆಯುತ್ತಿದ್ದಾಗ, ನನ್ನ ಬಲಗೈ ಭಾರವಾಯಿತು. ನೋವಲ್ಲ. ನೋವು ನನಗೆ ಗೊತ್ತು. ಬೇಸ್‌ಬಾಲ್ ಪಿಚರ್ ಆಗಿ, ಚೆಂಡೆಸೆದೇ ಬದುಕುವವನಿಗೆ ಭುಜದ ನೋವು, ಮೊಣಕೈ ನೋವು ಮನೆಯಲ್ಲೇ ಬೀಡುಬಿಟ್ಟ ನೆಂಟರ ಹಾಗೆ. ಇದು ಬೇರೆ. ಒದ್ದೆ ಕಂಬಳಿಯನ್ನು ತೋಳಿಗೆ ಸುತ್ತಿದ ಹಾಗಿತ್ತು. ಅಂಗಿಯ ತೋಳು ಬಿಗಿಯುತ್ತಿತ್ತು. ಎಡಗೈಯ ಗ್ಲವ್ ಕಳಚಿ ಎರಡೂ ಕೈಗಳನ್ನು ಪಕ್ಕಪಕ್ಕ ಹಿಡಿದು ನೋಡಿದೆ.

ಬಲಗೈ ನೇರಳೆ ಬಣ್ಣಕ್ಕೆ ತಿರುಗಿತ್ತು.

ನಮ್ಮ ಪಿಚಿಂಗ್ ಕೋಚ್ ಡ್ಯಾರಿಲ್‌ನ ಹತ್ತಿರ ಹೋದೆ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಅನ್ನುವುದು ಅವನ ಕೈಯಲ್ಲಿತ್ತು.

"ಡೆಡ್ ಆರ್ಮ್, ಮೇಟ್. ಎಸೆದೆಸೆದು ಕೈ ಸೋತಿದೆ, ಅಷ್ಟೆ. ಸೀಸನ್ ಮಧ್ಯದಲ್ಲಿ ಎಲ್ಲರಿಗೂ ಆಗುತ್ತೆ. ಐಸ್ ಇಟ್ಕೋ" ಎಂದ.

"ಬಣ್ಣ ನೋಡು, ಡ್ಯಾರಿಲ್."

"ನಿನ್ನ ಬಣ್ಣದಲ್ಲಿ ನಂಗೇನು ಗೊತ್ತಾಗಬೇಕು, ಚೆಟ್?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ತಂಡದ ಫಿಸಿಯೋ ಮೇಗನ್ ಮಾತ್ರ ನಗಲಿಲ್ಲ. ನನ್ನ ಮುಂಗೈಯನ್ನು ಬೆರಳಿನಿಂದ ಒತ್ತಿ, ಉಳಿದುಕೊಂಡ ಗುಳಿಯನ್ನು ನೋಡಿ, "ಇವನು ಈಗಲೇ ಎಮರ್ಜೆನ್ಸಿಗೆ ಹೋಗಬೇಕು" ಎಂದಳು. "ನಾಳೆ ಪರ್ತ್‌ಗೆ ಹೋಗ್ತಿದ್ದೀವಲ್ಲ, ಅಲ್ಲಿ ತೋರಿಸಿದ್ರಾಯ್ತು" ಎಂದು ಡ್ಯಾರಿಲ್ ಅವಳ ಮಾತನ್ನು ಅಲ್ಲೇ ಮುಗಿಸಿದ. ಅವನು ಹೂಂ ಅನ್ನದೆ ಮೈದಾನ ಬಿಟ್ಟವರು ಮುಂದಿನ ವಾರ ಬೆಂಚಿನ ಮೇಲೆ ಕೂರುತ್ತಿದ್ದರು, ಅದರ ಮುಂದಿನ ವಾರ ಮನೆಯಲ್ಲಿ. ಅವತ್ತು ನಾನು ಆಡಿದೆ. ಮರುದಿನ ವಿಮಾನ ಹತ್ತಿದೆ.

ನನ್ನ ಹೆಸರು ಚೇತನ್, ತಂಡದವರ ಬಾಯಲ್ಲಿ ಚೆಟ್. ಮೈಸೂರಿನಲ್ಲಿ ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಅಪ್ಪನಿಗೆ ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್ ಕೆಲಸ ಸಿಕ್ಕಿ ಪರ್ತ್‌ಗೆ ಬಂದೆವು. ಇಲ್ಲಿನ ಶಾಲೆಯ ಕ್ರಿಕೆಟ್ ಪಂದ್ಯದಲ್ಲಿ ನಾನು ಹಾಕಿದ ಒಂದು ಓವರ್ ಮುಗಿಯಲೇ ಇಲ್ಲ. ಮೊಣಕೈ ಮಡಿಸಿ ಎಸೆಯುತ್ತಾನೆಂದು ಅಂಪೈರ್ ಮತ್ತೆ ಮತ್ತೆ ನೋಬಾಲ್ ಕೊಟ್ಟ. ಅಳುತ್ತಾ ಹೊರಬಂದವನನ್ನು ವ್ಯಾಯಾಮದ ಟೀಚರ್ ಪಕ್ಕದ ಬೇಸ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗಿ, "ಇಲ್ಲಿ ಮಡಿಸಿಯೇ ಎಸೆಯಬೇಕು" ಎಂದರು. ಒಂದು ಆಟದಲ್ಲಿ ತಪ್ಪಾಗಿದ್ದದ್ದು ಇನ್ನೊಂದರಲ್ಲಿ ವರವಾಯಿತು. ನಾವಿದ್ದ ಹ್ಯಾರಿಸ್‌ಡೇಲ್ ಬಡಾವಣೆಯ ಅಂಕಲ್-ಆಂಟಿಗಳು "ಬೇಸ್‌ಬಾಲ್ ಸರಿ, ಓದ್ತಾ ಇರೋದೇನು?" ಎಂದು ಕೇಳುತ್ತಲೇ ಇದ್ದರು. ನಾನು ಎಸೆಯುತ್ತಲೇ ಇದ್ದೆ. ಇಪ್ಪತ್ತು ದಾಟುವಷ್ಟರಲ್ಲಿ ಅದೇ ನನ್ನ ವೃತ್ತಿಯಾಗಿತ್ತು. ಈ ಬಲಗೈ ಬಿಟ್ಟರೆ ನನ್ನ ಹತ್ತಿರ ಬೇರೆ ಯಾವ ವಿದ್ಯೆಯೂ ಇರಲಿಲ್ಲ.

ಆ ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಕೆಳಗೆ ಕೆಂಪು ನೆಲ ಮುಗಿಯದೆ ಹರಡಿತ್ತು. ಒಮ್ಮೆಲೇ ಉಸಿರು ಅರ್ಧಕ್ಕೆ ನಿಂತಿತು. ಎದೆಯ ಬಲಭಾಗಕ್ಕೆ ಯಾರೋ ದಬ್ಬಳ ಚುಚ್ಚಿದ ಹಾಗಾಯಿತು. ಪರ್ತ್‌ನಲ್ಲಿ ಇಳಿದಾಗ ಆಂಬುಲೆನ್ಸ್ ಕಾಯುತ್ತಿತ್ತು.

"ಪಲ್ಮನರಿ ಎಂಬಾಲಿಸಮ್" ಎಂದರು ಎಮರ್ಜೆನ್ಸಿಯ ಡಾಕ್ಟರ್.

ತೋಳಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿತ್ತು. ಅದರ ಒಂದು ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ಕತ್ತಿನ ಬುಡದಲ್ಲಿ, ಕಾಲರ್‌ಬೋನ್‌ಗೂ ಮೊದಲ ಪಕ್ಕೆಲುಬಿಗೂ ನಡುವೆ ಆ ನಾಳ ಹಾದುಹೋಗುತ್ತದಂತೆ. ವರ್ಷಗಟ್ಟಲೆ ಕೈ ಮೇಲೆತ್ತಿ ಎಸೆಯುವವರಲ್ಲಿ ಎರಡು ಮೂಳೆಗಳೂ ಸೇರಿ ಅದನ್ನು ಅಡಕತ್ತರಿಯಂತೆ ಹಿಸುಕುತ್ತವಂತೆ. ಡಾಕ್ಟರ್ ಕೊನೆಗೆ ಕೇಳಿದರು: "ಕೈ ಊದಿ ಬಣ್ಣ ತಿರುಗಿದ ದಿನವೇ ಯಾಕೆ ಬರಲಿಲ್ಲ?"

ಅಮ್ಮ ಮಂಚದ ಪಕ್ಕ ನಿಂತಿದ್ದಳು. ಅಪ್ಪ ಗಣಿಯಿಂದ ವಿಮಾನ ಹಿಡಿದು ಬರುತ್ತಿದ್ದ. ನಾನು ನಡೆದದ್ದನ್ನು ಹೇಳಿದೆ. ಅಮ್ಮ ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅವನ ಹೆಸರು ಇನ್ನೊಂದ್ಸಲ ಹೇಳು" ಎಂದಳು.

ಕ್ಲಾಟ್ ಕರಗಿಸಲು ತೋಳಿನೊಳಗೆ ಕ್ಯಾತಿಟರ್ ಎಂಬ ಸಣ್ಣ ನಳಿಕೆ ಹಾಕಿದರು. ರಕ್ತ ತೆಳುವಾಗಿಸುವ ಮಾತ್ರೆ ಶುರುವಾಯಿತು. ಹಲ್ಲುಜ್ಜಿದರೂ ವಸಡಿನಲ್ಲಿ ರಕ್ತ. ಅನ್ನ ಕಲಸುವ ಕೈಗೆ ಬಲವಿಲ್ಲದೆ ಅಮ್ಮ ತುತ್ತು ಮಾಡಿ ಕೊಟ್ಟಳು. ಆ ವಾರವೇ ಗೆಳೆಯನೊಬ್ಬ ಒಂದು ಪಾಡ್‌ಕಾಸ್ಟ್‌ನ ತುಣುಕು ಕಳಿಸಿದ. ಡ್ಯಾರಿಲ್ ಮಾತಾಡುತ್ತಿದ್ದ. ದನಿಯಲ್ಲಿ ಮರುಕ ಬೇರೆ.

"ಪಾಪ, ಹುಡುಗ ನಮ್ಮ ಹತ್ರ ಏನೂ ಹೇಳ್ಲಿಲ್ಲ. ಮುಚ್ಚಿಟ್ಟುಬಿಟ್ಟ."

ಹಾಸಿಗೆಯ ಮೇಲೆ ಎದ್ದು ಕೂತೆ. ಬದುಕಬೇಕು ಅನ್ನುವ ಹಟ ನನ್ನಲ್ಲಿ ಹುಟ್ಟಿದ್ದು ಆ ಕ್ಷಣದಲ್ಲಿ. ಅದು ದೇವರ ದಯೆಯಿಂದ ಬಂತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಆದರೆ ಬಂದದ್ದು ದ್ವೇಷದಿಂದ.

ಅಡಿಲೇಡ್‌ನಲ್ಲಿ ಇಂಥ ಕೇಸು ನೋಡುವ ಸರ್ಜನ್ ಇದ್ದಾರೆಂದು ಪರ್ತ್‌ನವರೇ ಕಳಿಸಿದರು. ಡಾಕ್ಟರ್ ಶರೀಫಾ. ದಾವಣಗೆರೆಯವರು. ಅಮ್ಮ ನನ್ನೊಡನೆ ಕನ್ನಡದಲ್ಲಿ ಗೊಣಗುವುದನ್ನು ಕೇಳಿ, ಅವರು ಸ್ಕ್ಯಾನ್‌ನಿಂದ ತಲೆಯೆತ್ತಿ ನಕ್ಕರು.

"ಮೊದಲನೇ ಪಕ್ಕೆಲುಬು ತೆಗೀಬೇಕು. ಅದಿಲ್ಲದೆ ಮನುಷ್ಯ ಆರಾಮಾಗಿ ಇರಬಹುದು" ಎಂದರು.

"ಎಸೀಬಹುದಾ?"

"ಅದನ್ನ ನಾನು ಬರ್ಕೊಡಕ್ಕೆ ಆಗಲ್ಲ. ನೋಡಾಣ."

"ತೆಗೆದ ಮೂಳೆ ನಂಗೆ ಕೊಡ್ತೀರಾ?"

"ಯಾಕಪ್ಪ?"

"ಒಬ್ಬನ ಮೇಜಿನ ಮೇಲೆ ಇಡಬೇಕು."

ಅವರು ಸ್ಕ್ಯಾನ್ ಪಕ್ಕಕ್ಕಿಟ್ಟರು. "ಅದು ಪರೀಕ್ಷೆಗೆ ಪೆಥಾಲಜಿ ಲ್ಯಾಬಿಗೆ ಹೋಗ್ತತಿ. ನಿನ್ನ ಸಿಟ್ಟಿಗೆ ಬ್ಯಾರೆ ಏನಾರ ಹುಡುಕ್ಕೊ."

ಹುಡುಕಿಕೊಂಡೆ. ಸರ್ಜರಿಯ ನಂತರ ಅಮ್ಮ ಮತ್ತು ನಾನು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಹಿಂದುಗಡೆ ವೇರ್‌ಹೌಸುಗಳು, ಲಾರಿಗಳು ರಿವರ್ಸ್ ತೆಗೆಯುವ ಸದ್ದು. ಮೊದಮೊದಲು ಬಾಗಿಲ ಚಿಲಕ ತೆಗೆಯಲೂ ಆಗುತ್ತಿರಲಿಲ್ಲ. ಆಮೇಲೆ ಒದ್ದೆ ಟವೆಲ್ ಹಿಂಡಿದೆ. ಆಮೇಲೆ ವೇರ್‌ಹೌಸಿನ ಗೋಡೆಗೆ ಟೆನಿಸ್ ಬಾಲ್ ಎಸೆಯಲು ಶುರುಮಾಡಿದೆ. ಇಟ್ಟಿಗೆಯ ಮೇಲೆ ಒಂದು ಕಲೆಯಿತ್ತು, ಮನುಷ್ಯನ ಮುಖದಷ್ಟು ಎತ್ತರದಲ್ಲಿ. ಬೇರೆಯವರು ಪ್ರಾಣಾಯಾಮ ಮಾಡಿ ಗುಣವಾದರೆಂದು ಓದಿದ್ದೇನೆ. ನಾನು ಆ ಕಲೆಗೆ ಗುರಿಯಿಟ್ಟು ಗುಣವಾದೆ. "ಸಿಟ್ಟು ಮೈ ತಿನ್ನುತ್ತೆ ಕಣೋ" ಎಂದು ಅಪ್ಪ ಫೋನಿನಲ್ಲಿ ಹೇಳುತ್ತಿದ್ದ. ಅಮ್ಮ ಫೋನು ಕಿತ್ತುಕೊಂಡು, "ತಿನ್ನಲಿ ಬಿಡ್ರೀ, ನಾನು ಅಡುಗೆ ಮಾಡಿ ಹಾಕ್ತೀನಿ" ಎನ್ನುತ್ತಿದ್ದಳು.

ನಾನಿದ್ದ ಬ್ರಿಸ್ಬೇನ್ ತಂಡ ನನ್ನನ್ನು ಕೈಬಿಟ್ಟಿತ್ತು. ಮುಂದಿನ ಬೇಸಿಗೆಯಲ್ಲಿ ಅಡಿಲೇಡ್ ತಂಡ ಟ್ರಯಲ್ ಕೊಟ್ಟಿತು. ಚೆಂಡಿನ ವೇಗ ಮೊದಲಿನಷ್ಟಿರಲಿಲ್ಲ, ಆದರೆ ಗುರಿ ಮೊದಲಿಗಿಂತ ಹರಿತವಾಗಿತ್ತು. ತೆಗೆದುಕೊಂಡರು.

ಆ ಬೇಸಿಗೆಯ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ತಂಡ ಅಡಿಲೇಡ್‌ಗೆ ಬಂತು.

ಒಂದು ರನ್ ಮುಂದಿದ್ದೆವು. ಕೊನೆಯ ಹೊತ್ತಿಗೆ ನನ್ನನ್ನು ಕಳಿಸಿದರು. ಒಂದು ರನ್ನಿಗೆ ನಾಲ್ಕು ಬೇಸ್ ಸುತ್ತಿ ಬರಬೇಕು. ಅವರ ಓಟಗಾರನೊಬ್ಬ ಮೊದಲ ಬೇಸ್‌ನಲ್ಲಿದ್ದ. ನಮ್ಮದು ಚಿಕ್ಕ ಲೀಗು, ಒಬ್ಬೊಬ್ಬರೂ ಎರಡೆರಡು ಕೆಲಸ ಮಾಡುತ್ತಾರೆ. ಹಾಗಾಗಿ ಓಟಗಾರನಿಗೆ ಸನ್ನೆ ಮಾಡಲು ಬೇಸ್‌ನ ಪಕ್ಕ ನಿಂತಿದ್ದವನು ಡ್ಯಾರಿಲ್. ಓಟಗಾರ ಬೇಸ್ ಬಿಟ್ಟು ಸರಿದರೆ, ಅವನನ್ನು ಔಟ್ ಮಾಡಲು ಪಿಚರ್ ತಟ್ಟನೆ ತಿರುಗಿ ಅಲ್ಲಿಗೆ ಚೆಂಡೆಸೆಯಬಹುದು. ಕೈ ಜಾರಿದರೆ ಚೆಂಡು ಕೋಚ್ ಕಡೆ ಹೋಗುತ್ತದೆ. ಅವನ ತಲೆಗೆ ಹೆಲ್ಮೆಟ್ ಇರುತ್ತದೆ. ಮುಖಕ್ಕೆ ಏನೂ ಇರುವುದಿಲ್ಲ.

ನಾನು ತಿರುಗಿದೆ. ಎಸೆದೆ.

ನನ್ನ ಕೈ ಜಾರಲಿಲ್ಲ. ಚೆಂಡು ಡ್ಯಾರಿಲ್‌ನ ಕಿವಿಯ ಪಕ್ಕ, ಬೆರಳು ತೂರುವಷ್ಟು ಜಾಗ ಬಿಟ್ಟು, ಸಿಳ್ಳೆ ಹಾಕಿಕೊಂಡು ಹೋಯಿತು. ಅವನು ಅಂಗಾತ ಬಿದ್ದ. ಹೆಲ್ಮೆಟ್ ಉರುಳಿತು. ಮೊಣಕೈ ಊರಿ ಎದ್ದು ನನ್ನ ಕಡೆ ನೋಡಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅವನ ಬಣ್ಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು.

ಮುಖಕ್ಕೇ ಎಸೆಯಬಹುದಿತ್ತು. ಅವನು ಸಾಯಬಾರದಿತ್ತು, ಅಷ್ಟೆ. ವಿಮಾನದಲ್ಲಿ ಪ್ರಾಣ ಕೈಯಲ್ಲಿ ಹಿಡಿದುಕೊಂಡು ತಾಸುಗಟ್ಟಲೆ ಕೂರುವುದು ಹೇಗಿರುತ್ತದೆಂದು ಅವನಿಗೆ ಒಂದು ಕ್ಷಣವಾದರೂ ತಿಳಿಯಬೇಕಿತ್ತು. ದಾರಿ ತಪ್ಪಿದ ಆ ಚೆಂಡಿಗೆ ಓಟಗಾರ ಎರಡನೇ ಬೇಸ್‌ಗೆ ಹೋದ, ಮುಂದಿನ ಹೊಡೆತಕ್ಕೆ ಸುತ್ತು ಮುಗಿಸಿ ರನ್ ಗಳಿಸಿದ. ಅಲ್ಲಿಂದ ಎಲ್ಲ ಕುಸಿಯಿತು. ನಾವು ಸೋತೆವು. ನನ್ನ ತಂಡದವರ ಮುಖ ನೋಡಿದಾಗ ನಾಚಿಕೆಯಾಯಿತು. ಡ್ಯಾರಿಲ್‌ನ ಮುಖ ನೋಡಿದಾಗ ಆಗಲಿಲ್ಲ.

ಪಂದ್ಯ ಮುಗಿದು ಕೈಕುಲುಕುವ ಸಾಲಿನಲ್ಲಿ ಅವನು ನನ್ನ ಮುಂದೆ ನಿಂತ.

"ನನ್ನ ಕೊಂದೇಬಿಡ್ತಿದ್ದೆ ನೀನು."

"ನೀನೂ" ಎಂದೆ.

ಸಾಲು ನಿಂತುಹೋಯಿತು. ಎರಡೂ ತಂಡದವರು ಕೇಳಿಸಿಕೊಳ್ಳುತ್ತಿದ್ದರು.

"ಅವತ್ತು ನಾನು ನಿಂಗೆ ಕೈ ತೋರಿಸಿದ್ನಾ, ಇಲ್ವಾ?"

ಅವನು ಪಕ್ಕಕ್ಕೆ ಸರಿಯಲು ನೋಡಿದ. ಹಿಂದಿನಿಂದ ಮೇಗನ್‌ಳ ದನಿ ಬಂತು.

"ತೋರಿಸಿದ್ದ. ನಾನೂ ಹೇಳಿದ್ದೆ, ಡ್ಯಾರಿಲ್. ಆಸ್ಪತ್ರೆಗೆ ಕಳಿಸು ಅಂತ. ನೀನು ಜೋಕ್ ಮಾಡಿದೆ."

ಅವತ್ತು ನಕ್ಕಿದ್ದವರಲ್ಲಿ ಕೆಲವರು ಆ ಸಾಲಿನಲ್ಲೇ ಇದ್ದರು. ಈ ಸಲ ಅವರು ನೆಲ ನೋಡುತ್ತಿದ್ದರು. ಡ್ಯಾರಿಲ್ ಕೈ ಕೊಡದೆ ಹೋದ. ಮೇಗನ್ ಅದನ್ನೇ ಕ್ಲಬ್‌ನವರ ಎದುರೂ ಹೇಳಿದಳು. ಸೀಸನ್ ಮುಗಿಯುವ ಮೊದಲೇ, ಕುಟುಂಬದ ಜೊತೆ ಕಾಲ ಕಳೆಯಲು ಅವನು ನಿವೃತ್ತನಾದನೆಂದು ಪ್ರಕಟಣೆ ಬಂತು. ಅವನು ನನ್ನ ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ಪ್ರಕಟಣೆ ಓದಿದ ದಿನ ಅಮ್ಮ ಶಾವಿಗೆ ಪಾಯಸ ಮಾಡಿದಳು.

ಹೋದ ವಾರ ಡಾಕ್ಟರ್ ಶರೀಫಾ ಅವರಲ್ಲಿ ಚೆಕಪ್ ಇತ್ತು. ಕತ್ತಿನ ಬುಡಕ್ಕೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಇಟ್ಟರು. ನಾಳ ಪೂರ್ತಿ ತೆರೆದಿಲ್ಲ, ಗಾಯದ ಗುರುತು ಒಳಗೂ ಉಳಿದಿದೆ ಎಂದರು. ಇನ್ನು ಎಷ್ಟು ಸೀಸನ್ ಆಡಬಹುದೋ ಅವರೂ ಹೇಳಲಾರರು.

"ಸಿಟ್ಟು ಇಳೀತಾ?" ಎಂದು ಕೇಳಿದರು.

"ಪೂರ್ತಿ ಇಲ್ಲ, ಆಂಟಿ."

ಆಂಟಿ ಅಂದದ್ದಕ್ಕೆ ಹುಬ್ಬು ಹಾರಿಸಿದರು, ಬೈಯಲಿಲ್ಲ. ಮೆಷಿನ್‌ನ ಗುಂಡಿ ತಿರುಗಿಸಿ ಸದ್ದು ಜೋರು ಮಾಡಿದರು. ಹುಸ್, ಹುಸ್ ಎಂದು ಕೋಣೆಯ ತುಂಬ ಕೇಳಿಸಿತು.

"ಕೇಳು. ರಕ್ತ ಹರಿಯೋ ಸದ್ದು ಅದು. ನಿಂದು."

ಬಲಗೈ ಮುಷ್ಟಿ ಬಿಗಿದೆ, ಬಿಟ್ಟೆ. ಸದ್ದು ಜೋರಾಯಿತು, ಇಳಿಯಿತು. ಅಮ್ಮ ಕುರ್ಚಿಯಿಂದ ಎದ್ದು ಬಂದು ಮೆಷಿನ್ ಹತ್ತಿರ ಕಿವಿ ಇಟ್ಟಳು. ಅಷ್ಟು ಹೊತ್ತು ನನಗೆ ಡ್ಯಾರಿಲ್‌ನ ನೆನಪೇ ಬರಲಿಲ್ಲ.