ನಾಲ್ಕು ಕಯಾಕು, ಐದು ಮಂದಿ

ಯಾವ ಕೆಲಸವೇ ಇರಲಿ, ಅದರ ಪಟ್ಟಿ ನನ್ನ ಕೈಗೆ ಬಂದರೆ ಕೆಲಸ ಆದಂತೆಯೇ. ಇದು ಜಂಬದ ಮಾತು, ಆದರೆ ಸುಳ್ಳಲ್ಲ. ಇಂಡಿ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಶಾಲೆಯ ಪ್ರವಾಸವಿರಲಿ, ನಾದಿನಿಯ ಮದುವೆಯಿರಲಿ, ಎಲ್ಲದಕ್ಕೂ ಗ್ರಾಫ್ ಹಾಳೆಯ ಮೇಲೆ ನಾನೇ ಪಟ್ಟಿ ಹಾಕಿದವಳು. ನಾದಿನಿಯ ಮದುವೆಯಲ್ಲಿ ಒಂದು ಹೋಳಿಗೆಯೂ ಕಡಿಮೆ ಬೀಳಲಿಲ್ಲ, ಹೆಚ್ಚಾದವು ಬೀಗರ ಡಬ್ಬಿಗೆ ಸರಿಯಾದವು. ಹೀಗಾಗಿ ದಸರೆಯ ರಜೆಯಲ್ಲಿ ಕೃಷ್ಣೆಯ ಹಿನ್ನೀರಿನ ಮೇಲೆ ಮೂರು ದಿನ ಇದ್ದು ಮೀನು ಹಿಡಿಯೋಣ ಎಂಬ ಮಾತು ಬಂದಾಗ, ಯಾರೂ ಹೇಳುವ ಮೊದಲೇ ನಾನು ಪೆನ್ಸಿಲ್ ಕೆತ್ತುತ್ತ ಕೂತಿದ್ದೆ.

ಮಾತು ತಂದವರು ಸಿಂದಗಿಯ ದನದ ಡಾಕ್ಟರು. ನನ್ನ ಗಂಡನ ಜೊತೆ ಕಾಲೇಜು ಓದಿದವರು. ರಂಜಾನಿನಲ್ಲಿ ಅವರ ಮನೆಯ ಸುರಕುಂಬಾ ಪಾಯಸ ನಮ್ಮ ಮನೆಗೆ ಬರುತ್ತದೆ, ನಮ್ಮ ಲಿಂಬೆ ಉಪ್ಪಿನಕಾಯಿ ಅವರ ಮನೆಗೆ ಹೋಗುತ್ತದೆ. ಅವರು ಕಾರವಾರದ ಕಡೆ ಹೋಗಿ ಕಯಾಕು ನಡೆಸಲು ಕಲಿತು ಬಂದಿದ್ದರು. ಕಯಾಕು ಎಂದರೆ ಒಬ್ಬರೇ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಸಪೂರ ಪ್ಲಾಸ್ಟಿಕ್ ದೋಣಿ.

"ಅಕ್ಕಾರ, ತೆಪ್ಪದಂಗ ಗಿರಿಗಿರಿ ತಿರಗೂದಿಲ್ರಿ ಅದು. ನೆಟ್ಟಗ ಹೊಕ್ಕೈತಿ. ನಡು ನೀರಾಗ ಕುಂತು ಗಾಳ ಬಿಟ್ರ ನಿಮ್ಮನ್ನ ಕೇಳಾವ್ರು ಯಾರೂ ಇಲ್ಲ ನೋಡ್ರಿ," ಎಂದರು.

ಆ ಒಂದು ಮಾತಿಗೆ ನಾನು ಬಿದ್ದೆ. ನಾನು ಹುಟ್ಟಿದ್ದು ಭೀಮೆಯ ದಂಡೆಯ ದೇವಣಗಾಂವದಲ್ಲಿ. ಸೋದರಮಾವನ ತೆಪ್ಪದಲ್ಲಿ ಕೂತು ಗಾಳ ಹಾಕಿ ಬೆಳೆದವಳು. ಕೊಕ್ಕೆಗೆ ಎರೆಹುಳ ಪೋಣಿಸುವುದರಲ್ಲಿ ಮಾವನನ್ನೇ ಹಿಂದೆ ಹಾಕಿದ್ದೆ. ದೊಡ್ಡವಳಾದೆನೆಂದು ಮನೆಯವರು ಒಂದು ದಿನ ತೆಪ್ಪ ಬಿಡಿಸಿದರು. ಮದುವೆಯಾದ ಮೇಲೆ ಗಂಡ, ಅವರ ಗೆಳೆಯರು ನದಿಗೆ ಹೊರಟರೆ ನಾನೂ ಹೋಗುತ್ತೇನೆ, ದಂಡೆಯಿಂದ ಗಾಳ ಹಾಕುತ್ತೇನೆ, ಎಷ್ಟೋ ಸಲ ಅವರಿಗಿಂತ ಹೆಚ್ಚು ಹಿಡಿದಿದ್ದೇನೆ. ಆದರೆ ನಡು ನೀರಿನಲ್ಲಿ ಕೂತು ಗಾಳ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಈ ಮೂರು ದಿನದಲ್ಲಿ ನನಗೆ ಬೇಕಿದ್ದದ್ದು ಅದೊಂದೇ.

ಹಿನ್ನೀರಿನ ದಂಡೆಯಲ್ಲಿ ಡೇರೆ ಹೊಡೆಯುವಂತಿರಲಿಲ್ಲ. ಇಳಿದಲ್ಲೆಲ್ಲ ಮೊಣಕಾಲಮಟ್ಟ ಕೆಸರು, ಅದರ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು. ಉಪಾಯ ಹುಡುಕಿದವರು ನನ್ನ ಗಂಡ. ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ತೋರಿಸಿ, "ಇದಕ್ಕ ಮದರ್‌ಶಿಪ್ ಅಂತಾರ ನೋಡು," ಎಂದರು. ದೊಡ್ಡ ಹಡಗೊಂದು ಸಣ್ಣ ದೋಣಿಗಳನ್ನೆಲ್ಲ ಹೊತ್ತುಕೊಂಡು ಹೋಗಿ ನೀರಿನ ನಡುವೆ ಲಂಗರು ಹಾಕುತ್ತದೆ. ಮಂದಿ ತಮ್ಮ ತಮ್ಮ ಕಯಾಕು ಇಳಿಸಿ ಮೀನಿಗೆ ಹೋಗುತ್ತಾರೆ, ಉಣ್ಣಲು ಮಲಗಲು ಹಡಗಿಗೆ ಬರುತ್ತಾರೆ.

ನಮಗೆ ಹಡಗು ಎಲ್ಲಿಂದ ಬರಬೇಕು? ಮುದ್ದೇಬಿಹಾಳದಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಇನ್ನೊಬ್ಬ ಗೆಳೆಯರು ಅದನ್ನೂ ಹುಡುಕಿದರು. ತಂಗಡಗಿ ಕಡೆಯ ಅಂಬಿಗ ಕಾಕಾ ಒಬ್ಬರ ಬಳಿ ಕಬ್ಬಿಣದ ದೊಡ್ಡ ಬೋಟು ಇತ್ತು. ಸೇತುವೆ ಇಲ್ಲದ ಕಾಲದಲ್ಲಿ ಬಂಡಿ, ಎತ್ತು ಎಲ್ಲ ದಾಟಿಸಿದ ಬೋಟು. ಮೇಲೆ ತಾಡಪತ್ರಿ ಕಟ್ಟಿದರೆ ಆರು ಮಂದಿ ಕಾಲು ಚಾಚಿ ಮಲಗಬಹುದು. ಮೀನುಗಾರರ ಸಂಘದ ಒಪ್ಪಿಗೆಯನ್ನೂ ಮೆಡಿಕಲ್ಲಿನವರೇ ತಂದರು. ಗುಂಪಿನ ಕೊನೆಯವರು ಬಸವನ ಬಾಗೇವಾಡಿಯ ಹೆಡ್‌ಮಾಸ್ತರು. ಅವರು ಮೀನು ತಿನ್ನುವುದಿಲ್ಲ. "ಹಿಡೀತೇನಿ, ಅದರ ಮಾರಿ ನೋಡ್ತೇನಿ, ಬಿಡ್ತೇನಿ," ಎನ್ನುತ್ತಾರೆ. ಅವರ ತಾಯಿಗೆ ಇಷ್ಟೂ ಗೊತ್ತಿಲ್ಲ. ಮಗ ಎಲ್ಲೋ ತರಬೇತಿಗೆ ಹೋಗುತ್ತಾನೆ ಎಂದು ಆಕೆ ನಂಬಿದ್ದಾರೆ.

ನನ್ನ ಪಟ್ಟಿ ನಾಲ್ಕು ಹಾಳೆ ತುಂಬಿತು. ಮೊದಲನೆಯದರಲ್ಲಿ ಹಿನ್ನೀರಿನ ನಕ್ಷೆ. ಬೋಟು ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು, ಗಾಳಿ ಎದ್ದರೆ ಯಾವ ಮಗ್ಗುಲಿಗೆ ಸರಿಯಬೇಕು, ಸೀಟಿ ಒಂದು ಊದಿದರೆ ಏನು, ಮೂರು ಊದಿದರೆ ಏನು. ಎರಡನೆಯದರಲ್ಲಿ ಬೋಟಿನ ಮೇಲೆ ಕಯಾಕು ಕಟ್ಟುವ ಜಾಗ, ಹಗ್ಗ, ಲಾಟೀನು, ಐಸ್ ಪೆಟ್ಟಿಗೆ. ಮೂರನೆಯದರಲ್ಲಿ ಗಾಳದ ಸಾಮಾನು: ಕಟ್ಲಾ ಮೀನಿಗೆ ಜೋಳದ ಹಿಟ್ಟಿನ ಉಂಡೆ, ಬಾಳೆ ಮೀನಿಗೆ ಜೀವಂತ ಸಣ್ಣ ಮೀನು. ನಾಲ್ಕನೆಯದು ಊಟದ್ದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹೆಡ್‌ಮಾಸ್ತರಿಗೆ ಬೇರೆ ಪಾತ್ರೆಯಲ್ಲಿ ಝುಣಕ. ಕಯಾಕುಗಳನ್ನು ಡಾಕ್ಟರು ಕಾರವಾರದಿಂದ ಬಾಡಿಗೆಗೆ ಹೇಳಿದ್ದರು. ಎಷ್ಟು ಬೇಕೆಂದು ನಾನು ಬರೆದು ಕೊಟ್ಟಿದ್ದೆ.

ದಸರೆಗೆ ಇನ್ನೂ ಎರಡು ವಾರ ಇರುವಾಗ, ಒಂದು ರವಿವಾರ ಐವರೂ ಕಾಕಾನ ಬೋಟಿನ ಮೇಲೇ ಕೂಡಿದೆವು. ನಾನು ನಿಂತುಕೊಂಡು, ಕ್ಲಾಸಿನಲ್ಲಿ ಓದುವ ಹಾಗೆ ಪಟ್ಟಿ ಓದಿದೆ. ಒಂದೊಂದು ಹಾಳೆ ಮುಗಿದಾಗಲೂ ಮೆಡಿಕಲ್ಲಿನವರು "ಭೇಷ್" ಎಂದರು. ನನಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಕಾಕಾ ಒಂದು ಕಡೆ ಹಗ್ಗ ಹೊಸೆಯುತ್ತ ಕೂತಿದ್ದರು. ತಲೆಯೆತ್ತದೆ ಕೇಳಿದರು: "ಯವ್ವಾ, ನೀರಾಗ ತೇಲೂ ಜಾಕೀಟ ಎಷ್ಟ ತರಸೀರಿ?"

"ನಾಕು ತರಸೇನಿ ಕಾಕಾ. ಒಬ್ಬೊಬ್ಬರ ತೂಕ ಕೇಳಿ, ಅಳತಿ ನೋಡೇ ತರಸೇನಿ."

"ನಂದು ನನ್ನ ಕಡೆ ಐತಿ. ನಿಂದು?"

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರು ಹೇಳಿದರು: "ಅಕ್ಕಾರ ದೊಡ್ಡ ಬೋಟಿನ್ಯಾಗ ಇರ್ತಾರಲ್ಲ, ಅವರಿಗ್ಯಾಕ ಜಾಕೀಟು?"

"ದೊಡ್ಡ ಬೋಟು ನೀರಾಗ ಇರೂದಿಲ್ಲೇನ್ರಿ ಸಾಹೇಬ್ರ?" ಎಂದರು ಕಾಕಾ.

ನನಗೆ ಜಾಕೀಟಿನ ಮಾತು ಕೇಳಿಸಲೇ ಇಲ್ಲ. ಅದರ ಹಿಂದಿನ ಮಾತು ಮಾತ್ರ ಕೇಳಿಸಿತು. "ನಾ ದೊಡ್ಡ ಬೋಟಿನ್ಯಾಗ ಇರ್ತೇನಿ ಅಂತ ನಿಮಗ ಯಾರು ಹೇಳಿದ್ರು?" ಎಂದು ಹೆಡ್‌ಮಾಸ್ತರ ಮೇಲೆ ಹರಿಹಾಯ್ದೆ.

"ಅಲ್ರಿ ಅಕ್ಕಾರ, ಅಡಗಿ, ಸಾಮಾನು... ಎಲ್ಲಾರೂ ಪಲ್ಲಕ್ಕಿ ಹತ್ತಿದ್ರ ಹೊರಾವ್ರು ಯಾರ್ರಿ?"

"ಹಂಗಿದ್ರ ನೀವ ಹೊರ್ರಿ! ಮೀನ ತಿನ್ನಾವ್ರಲ್ಲ, ಬಿಡಾವ್ರು. ನಿಮಗ್ಯಾಕ ಕಯಾಕು?"

ಇನ್ನೂ ಬಹಳ ಹೇಳುವುದಿತ್ತು. ಡಾಕ್ಟರಿಗೆ, ಮೆಡಿಕಲ್ಲಿನವರಿಗೆ, ಎಲ್ಲರಿಗಿಂತ ಹೆಚ್ಚು ನನ್ನ ಗಂಡನಿಗೆ. ಅಷ್ಟರಲ್ಲಿ ಗಂಡ ಎರಡನೆಯ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಅವರ ಮುಖದಲ್ಲಿ ಗೆದ್ದವರ ಖುಷಿ ಇರಲಿಲ್ಲ. "ನೀನ ಬರದೀಯಲ್ಲ ಇದನ್ನ," ಎಂದಷ್ಟೇ ಅಂದರು. "ಆವತ್ತ ಕೇಳಬೇಕಂದೆ. ನಿನಗ ಬ್ಯಾಡೇನೋ ಅಂತ ತಿಳದು ಸುಮ್ಮನಾದೆ."

ನನ್ನದೇ ಅಕ್ಷರ. ದುಂಡಗೆ, ಚೌಕದಲ್ಲಿ ಚೌಕ ಕೂತಂತೆ. ಕಯಾಕು ನಾಲ್ಕು. ಹುಟ್ಟು ನಾಲ್ಕು. ಜಾಕೀಟು ನಾಲ್ಕು. ಸೀಟಿ ನಾಲ್ಕು. ಊಟದ ಹಾಳೆಯ ಕೆಳಗೆ, 'ಅಡುಗೆಗೆ ಒಬ್ಬರು' ಎಂದಿತ್ತು. ಆ ಒಬ್ಬರು ಯಾರೆಂದು ನಾನು ಬರೆದಿರಲಿಲ್ಲ.

ನಮ್ಮ ಕಡೆ ಮನೆಗೆ ಮಂದಿ ಬಂದರೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಪಂಗತಿ ಎಣಿಸುತ್ತೇವೆ. ಎಷ್ಟು ತಾಟು, ಎಷ್ಟು ತಂಬಿಗೆ. ಬಡಿಸುವವಳು ಪಂಗತಿಯಲ್ಲಿ ಬರುವುದಿಲ್ಲ, ಅವಳನ್ನು ಎಣಿಸುವ ರೂಢಿಯಿಲ್ಲ. ನನ್ನ ಅವ್ವ ಹಾಗೆ ಎಣಿಸಿದಳು, ಅತ್ತೆ ಹಾಗೆ ಎಣಿಸಿದರು, ನಾನೂ ಹೊಸ್ತಿಲಲ್ಲಿ ನಿಂತು ಲೆಕ್ಕವಿಲ್ಲದಷ್ಟು ಸಲ ಎಣಿಸಿದ್ದೇನೆ. ಕಯಾಕುಗಳನ್ನೂ ಅದೇ ಕೈ ಎಣಿಸಿತ್ತು. ಯಾರಾದರೂ ನನಗೆ ಮೋಸ ಮಾಡಿದ್ದರೆ ಜಗಳ ತೆಗೆದು ಗೆಲ್ಲುತ್ತಿದ್ದೆ, ಅದರಲ್ಲಿ ನನ್ನನ್ನು ಮೀರಿಸುವವರು ಇಂಡಿ ತಾಲೂಕಿನಲ್ಲಿಲ್ಲ. ಇಲ್ಲಿ ಯಾರ ಜೊತೆ ಜಗಳ ತೆಗೆಯಲಿ? ಮೂವತ್ತು ವರ್ಷದಿಂದ ಬಯಸಿದ ಒಂದೇ ಒಂದು ಸಂಗತಿಯಿಂದ ನನ್ನನ್ನು ನಾನೇ ಹೊರಗಿಟ್ಟಿದ್ದೆ. ಅದೂ ಮೊಸಳೆಯಿರುವ ನೀರಿನ ಮೇಲೆ, ಜಾಕೀಟು ಸಹ ಇಲ್ಲದೆ. ನನಗೆ ಬಹಳ ಸಂಕಟವಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಬಿಸಿಲಿನ ಮೇಲೆ ಹಾಕಿದೆ.

ಡಾಕ್ಟರು ಆಗಲೇ ಕಾರವಾರಕ್ಕೆ ಫೋನು ಹಚ್ಚಿದ್ದರು. ದಸರೆಯ ರಜೆಯ ದಿನಗಳಾದ್ದರಿಂದ ಐದನೆಯ ಕಯಾಕು ಇಲ್ಲ, ಜಾಕೀಟು ಮಾತ್ರ ಸಿಗುತ್ತದೆ ಎಂದರಂತೆ. ಫೋನಿನ ಮೇಲೆ ಕೈ ಮುಚ್ಚಿ, "ಅಕ್ಕಾರ, ಅದು... ತೂಕ ಕೇಳಾಕತ್ತಾರ್ರಿ," ಎಂದರು.

"ಎಪ್ಪತ್ತೆಂಟು ಕೇಜಿ," ಎಂದೆ, ಆಚೆ ದಂಡೆಗೆ ಕೇಳುವ ಹಾಗೆ. ಹೆಡ್‌ಮಾಸ್ತರು ತಾಡಪತ್ರಿಯ ಗಂಟನ್ನು ಬಹಳ ಲಕ್ಷ್ಯದಿಂದ ನೋಡತೊಡಗಿದರು.

"ನನ್ನ ಕಯಾಕು ನೀ ತಗೋ. ನಾ ಬೋಟಿನ್ಯಾಗ ಕುಂದರ್ತೇನಿ," ಎಂದರು ಗಂಡ.

"ನಿಮ್ಮದು ನನಗ್ಯಾಕ? ದಾನ ಬ್ಯಾಡ, ಪಾಳಿ ಹಚ್ಚೂಣು," ಎಂದು ಹಾಳೆ ತಿರುವಿ ಹಾಕಿದೆ. ಪಟ್ಟಿ ಕೈಗೆ ಬಂದೊಡನೆ ನನಗೆ ಜೀವ ಬಂತು. ಮೊದಲ ದಿನ ಮಧ್ಯಾಹ್ನ, ಎರಡನೆಯ ದಿನ ಮುಂಜಾನೆ ಮತ್ತು ಮಧ್ಯಾಹ್ನ, ಮೂರನೆಯ ದಿನ ಮುಂಜಾನೆ, ಹೀಗೆ ನೀರಿಗಿಳಿಯುವುದು ನಾಲ್ಕು ಸಲ. ಪ್ರತಿ ಸಲ ನಾಲ್ವರು ಕಯಾಕಿನಲ್ಲಿ, ಒಬ್ಬರು ಕಾಕಾನ ಜೊತೆ ದೊಡ್ಡ ಬೋಟಿನಲ್ಲಿ. ಹಾಗೆ ಬೋಟಿನಲ್ಲಿ ಉಳಿದವರು ಅಡುಗೆ ಮಾಡಬೇಕು, ನೀರಿನಲ್ಲಿರುವವರ ಮೇಲೆ ಕಣ್ಣಿಡಬೇಕು.

"ಪಾಳಿ ನಾಕು, ಮಂದಿ ಐದು. ಒಬ್ಬರಿಗೆ ಅಡಗಿ ಪಾಳಿ ಬರೂದಿಲ್ಲಲ್ರಿ," ಎಂದರು ಮೆಡಿಕಲ್ಲಿನವರು.

ನನ್ನ ಪೆನ್ಸಿಲ್ಲು ಆಗಲೇ ಮೊದಲ ಪಾಳಿಯ ಮುಂದೆ ನನ್ನ ಹೆಸರಿನ ಮೊದಲ ಅಕ್ಷರ ಬರೆದಿತ್ತು. ಹಾಳೆ ಹರಿಯುವಷ್ಟು ಜೋರಾಗಿ ಅದನ್ನು ಅಳಿಸಿದೆ. ಅಲ್ಲಿ ಗಂಡನ ಹೆಸರು ಬರೆದೆ, ಕೆಳಗೆ ಉಳಿದ ಮೂವರದು.

"ಪಾಳಿ ಬರದಾಕಿ ನಾನು," ಎಂದೆ.

ಕಾಕಾ ಹಗ್ಗ ಹೊಸೆಯುತ್ತಲೇ ನಕ್ಕರು.

ಮರುದಿನ ಮುಂಜಾನೆ ನಾನು ಶಾಲೆಗೆ ಹೊರಡುವಾಗ ಗಂಡ ಅಡುಗೆಮನೆಯಲ್ಲಿದ್ದರು. ಮೊದಲ ಪಾಳಿ ಅವರದಲ್ಲವೇ, ಅನ್ನ ಮಾಡುವ ತಾಲೀಮು ಶುರುವಾಗಿತ್ತು. ಒಂದು ಕೈಯಲ್ಲಿ ಪಾವು, ಇನ್ನೊಂದು ಕೈ ಅಕ್ಕಿಯ ಡಬ್ಬಿಯಲ್ಲಿ.

"ಬೋಟಿನ್ಯಾಗ ಅಕ್ಕಿ ಎಷ್ಟ ಹಾಕಬೇಕಾಕ್ಕೈತಿ?" ಎಂದು ಕೇಳಿದರು.

"ಮಂದಿ ಎಷ್ಟಂತ ಮೊದಲ ಎಣಸ್ರಿ."

ಪಾವು ಕೆಳಗಿಟ್ಟು ಬೆರಳು ಮಡಚಿದರು. "ನೀ ಒಬ್ಬಾಕಿ. ಡಾಕ್ಟರು. ಹೆಡ್‌ಮಾಸ್ತರು. ಮೆಡಿಕಲ್ಲಿನವ್ರು. ಅಂಬಿಗ ಕಾಕಾ. ಐದು."

"ಇನ್ನೊಮ್ಮೆ ಎಣಸ್ರಿ."

ಒಲೆಗೆ ಬೆನ್ನು ಹಚ್ಚಿ, ಹೊಸ್ತಿಲ ಕಡೆ ಮುಖ ಮಾಡಿ, ಇನ್ನೊಮ್ಮೆ ನಿಧಾನವಾಗಿ ಎಣಿಸಿದರು. "ಐದ ಮಂದಿ. ಬರೋಬ್ಬರಿ ಐತಿ," ಎಂದರು, ಪೂರ್ತಿ ಭರವಸೆಯಿಂದ.

ನಗು ಬರಬೇಕಿತ್ತು, ಬರಲಿಲ್ಲ. ಬ್ಯಾಗು ಕೆಳಗಿಟ್ಟು ಅವರ ಹತ್ತಿರ ಹೋದೆ.

"ಯಾಕ್ರಿ," ಎಂದೆ, "ನೀವು ಉಣ್ಣೂದಿಲ್ಲೇನು?"